ಹಿತ್ತಿಲ ತಿರುವಿನಲ್ಲಿ ನಾನು ಬಿದ್ದ ದಿನ

ನಾನು ಒಂದು ರೈಲು ಎಂಜಿನ್. ನಗಬೇಡಿ. ಉದ್ದ ಒಂದೂವರೆ ಅಡಿ, ತೂಕ ಐದು ಕಿಲೋ. ಆದರೂ ಯಾರಾದರೂ ಆಟದ ಸಾಮಾನು ಎಂದರೆ ನನಗೆ ಮೈ ಉರಿಯುತ್ತದೆ. ಹುಬ್ಬಳ್ಳಿಯ ಗದಗ ರಸ್ತೆಯ ಒಂದು ಹಿತ್ತಿಲಲ್ಲಿ, ನಿವೃತ್ತ ರೈಲು ಡ್ರೈವರ್ ಭರಮಗೌಡರ ಕೈಯಲ್ಲಿ ಹುಟ್ಟಿದೆ. ನನ್ನ ಮೈ ಹಿತ್ತಾಳೆ ತಗಡಿನದು, ಹೊಗೆಕೊಳವೆ ಹಳೆಯ ಟಾರ್ಚಿನದು. ಹೊಟ್ಟೆಯೊಳಗಿನ ಮೋಟಾರು ಹಿಂದಿನ ಜನ್ಮದಲ್ಲಿ ಯಾವುದೋ ಕಾರಿನ ಗಾಜು ಒರೆಸುತ್ತಿತ್ತು. ಗೌಡರು ನನ್ನನ್ನು ಬೈಯುತ್ತಲೇ ಬೆಸುಗೆ ಹಾಕಿದರು, ಬೈಯುತ್ತಲೇ ಮುದ್ದು ಮಾಡಿದರು.

ಹಳಿ ಹಾಕಲು ಬಂದವರು ಪಕ್ಕದ ಮನೆಯ ಹೂಗಾರ ಮೇಸ್ತ್ರಿ. ಅವರೂ ರೈಲ್ವೆಯವರೇ. ಗ್ಯಾಂಗ್‌ಮನ್‌ಗಳ ಮೇಲೆ ಮೇಸ್ತ್ರಿಯಾಗಿ ಮೂವತ್ತು ವರ್ಷ ಹಳಿ ಕಾದವರು. ಇಬ್ಬರೂ ಸೇರಿ ನಡುವಿನ ಗೋಡೆಗೆ ಎರಡು ಕಿಂಡಿ ಕೊರೆದರು. ಗೌಡರ ಹಿತ್ತಿಲಿಂದ ಹೊರಟ ಹಳಿ ಒಂದು ಕಿಂಡಿಯಲ್ಲಿ ನುಗ್ಗಿ, ಮೇಸ್ತ್ರಿಯ ಕರಿಬೇವಿನ ಗಿಡ ಸುತ್ತಿ, ಇನ್ನೊಂದರಲ್ಲಿ ವಾಪಸು ಬರುತ್ತಿತ್ತು. ಮೇಸ್ತ್ರಿ ಜಲ್ಲಿಯನ್ನು ಜರಡಿ ಹಿಡಿದು ತುಂಬಿದರು. ನಿಜವಾದ ರೈಲಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಆದರೆ ತಿರುವಿನಲ್ಲಿ ಹಳಿ ಅಗಲವಾಗಬಾರದೆಂದು ಅವರು ಎರಡು ಹಳಿಗಳ ನಡುವೆ ಕಬ್ಬಿಣದ ಸಲಾಕೆ ಬಿಗಿದುಬಿಟ್ಟರು. ದೊಡ್ಡ ರೈಲಿಗೆ ಅದು ಸರಿ. ನನಗೆ ಕರೆಂಟು ಸಿಗುವುದೇ ಹಳಿಯಿಂದ. ಅದು ಒಂದರಲ್ಲಿ ಬಂದು ನನ್ನ ಹೊಟ್ಟೆ ಹೊಕ್ಕು ಇನ್ನೊಂದರಲ್ಲಿ ಹೋಗಬೇಕು. ಗೌಡರು ಕರೆಂಟು ಬಿಡುವ ಗುಂಡಿ ತಿರುಗಿಸಿದ್ದೇ ತಡ, ಕರೆಂಟು ಸಲಾಕೆಯಲ್ಲೇ ಅಡ್ಡದಾರಿ ಹಿಡಿಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟು ವಾಸನೆ ಬಂತು.

“ನಂದ ತಪ್ಪ್ ನೋಡ್ರಿ ಗೌಡ್ರ,” ಎಂದು ಮೇಸ್ತ್ರಿ ತಕ್ಷಣ ಕೈಮುಗಿದರು. “ರೈಲ್ವೇದಾಗ ಹಾಕಿದಂಗ ಹಾಕಿಬಿಟ್ಟೆ.”

ತಪ್ಪನ್ನು ಮೈಮೇಲೆ ಹಾಕಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು. ಯಾಕೆಂದು ನನಗೆ ತಿಳಿದದ್ದು ಆಮೇಲೆ. ಇಪ್ಪತ್ತೆರಡು ವರ್ಷಗಳ ಹಿಂದೆ ಘಟ್ಟದ ಕಡೆ ಒಂದು ತಿರುವಿನಲ್ಲಿ ಮೇಸ್ತ್ರಿಯ ಗ್ಯಾಂಗು ಕೆಲಸ ಮಾಡುತ್ತಿತ್ತು. ಅಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ ದಾಟಬಾರದೆಂದು ಆದೇಶವಿತ್ತು. ಬಂದದ್ದು ಭರಮಗೌಡರ ಗೂಡ್ಸ್ ಗಾಡಿ. ಒಂದು ವ್ಯಾಗನ್ ಹಳಿ ತಪ್ಪಿ ಉರುಳಿತು. ಪಕ್ಕದಲ್ಲಿ ಸರಿದು ನಿಂತಿದ್ದ ದ್ಯಾಮಣ್ಣ ಎಂಬ ಗ್ಯಾಂಗ್‌ಮನ್ ಅದರ ಕೆಳಗೆ ಸಿಕ್ಕು ತೀರಿಕೊಂಡ. ಎಂಜಿನ್ನಿನ ವೇಗ ಬರೆಯುವ ಯಂತ್ರ ಅಂದು ಕೆಟ್ಟಿತ್ತು. ಗೌಡರು ವಿಚಾರಣೆಯಲ್ಲಿ ಇಪ್ಪತ್ತರಲ್ಲೇ ಬಂದೆ ಎಂದರು. ಹಾಗಾದರೆ ಹಳಿಯೇ ಸಡಿಲ ಎಂದು ತೀರ್ಮಾನವಾಯಿತು. ಮೇಸ್ತ್ರಿ ಅದನ್ನು ನಂಬಿದರು. ತಮ್ಮ ಕೈಯಿಂದಲೇ ದ್ಯಾಮಣ್ಣ ಸತ್ತನೆಂದು ಅವರು ಜಲ್ಲಿ ಬಡಿಯುತ್ತ ಎಷ್ಟೋ ಸಲ ಹೇಳಿದ್ದನ್ನು ನಾನು ಕೇಳಿದ್ದೇನೆ. ಆಗೆಲ್ಲ ಗೌಡರು ನನ್ನ ಗಾಲಿಗೆ ಎಣ್ಣೆ ಬಿಡುವುದರಲ್ಲಿ ಮಗ್ನರಾಗಿರುತ್ತಿದ್ದರು.

ಹೊಸ ಟ್ರಾನ್ಸ್‌ಫಾರ್ಮರ್ ಬಂತು, ಸಲಾಕೆಯ ಜಾಗಕ್ಕೆ ಪ್ಲಾಸ್ಟಿಕ್ ಬಂತು, ನಾನು ಓಡಿದೆ. ಆದರೆ ಕರಿಬೇವಿನ ಗಿಡದ ಹತ್ತಿರ ಹೋಗುವಷ್ಟರಲ್ಲಿ ಏದುಸಿರು. ಹಳಿಯ ಒಂದೊಂದು ಜಾಯಿಂಟಿನಲ್ಲೂ ಕರೆಂಟು ಸೊರಗಿ ದೂರಕ್ಕೆ ತಲುಪುತ್ತಿರಲಿಲ್ಲ. ಗೌಡರು ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಮಾತ್ರ ತಿರುವು ದಾಟುತ್ತಿದ್ದೆ. ಮೇಸ್ತ್ರಿಗೆ ಇದು ಅವಮಾನ ಅನ್ನಿಸಿತು. ವಾರವಿಡೀ ಕೂತು ಪ್ರತಿ ಜಾಯಿಂಟಿಗೂ ತಾಮ್ರದ ತಂತಿ ಬೆಸೆದರು. ಮುಗಿದ ದಿನ ರೈಲ್ವೆಯ ಪದ್ಧತಿಯಂತೆ ಒಂದು ಚೀಟಿ ಬರೆದರು: ತಿರುವಿನಲ್ಲಿ ಈಗ ಪೂರ್ತಿ ಕರೆಂಟು ಬರುತ್ತದೆ, ಗುಂಡಿ ಕಾಲು ಭಾಗ ಮಾತ್ರ ತಿರುಗಿಸಬೇಕು. ಗೌಡರು ನಗುತ್ತ ಸಹಿ ಹಾಕಿ ಅದನ್ನು ಜೇಬಿಗಿಳಿಸಿದರು.

ಆಮೇಲೆ ಗುಂಡಿಯನ್ನು ಪೂರ್ತಿ ತಿರುಗಿಸಿದರು.

ನನಗೆ ಹುಚ್ಚು ಹಿಡಿದಂತಾಯಿತು. ಕಿಂಡಿ ದಾಟಿದ್ದು ನೆನಪಿದೆ, ಗಿಡ ಎದುರಿಗೆ ಬಂದದ್ದು ನೆನಪಿದೆ. ಮರುಗಳಿಗೆ ನಾನು ತಲೆಕೆಳಗಾಗಿ ಬಿದ್ದಿದ್ದೆ. ನನ್ನ ಮೂತಿ ಜಜ್ಜಿಹೋಗಿತ್ತು.

ಗೌಡರು ಓಡಿಬಂದರು. ಬಾಯಿ ತೆರೆದವರೇ, “ಲೈನ್ ಸಡ್ಲ ಐತಿ ಮೇಸ್ತ್ರಿ,” ಎಂದರು.

ಮೇಸ್ತ್ರಿ ಈ ಸಲ ಕೈಮುಗಿಯಲಿಲ್ಲ. ನನ್ನನ್ನು ಎತ್ತಲೂ ಇಲ್ಲ. ಒಳಗೆ ಹೋಗಿ ಅಳತೆಪಟ್ಟಿ, ಮಟ್ಟಗೋಲು ತಂದು ಮಣ್ಣಿನಲ್ಲಿ ಮೊಣಕಾಲೂರಿದರು. ತಿರುವನ್ನು ಗೇಣು ಗೇಣಾಗಿ ಅಳೆದರು. ಎಲ್ಲಿಯೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಎದ್ದು ಗೌಡರ ಹಿತ್ತಿಲಿಗೆ ಹೋಗಿ ಗುಂಡಿ ನೋಡಿಕೊಂಡು ಬಂದರು.

“ಲೈನ್ ಸಡ್ಲ ಇಲ್ರಿ ಗೌಡ್ರ,” ಎಂದರು. ಮಟ್ಟಗೋಲನ್ನು ಕೆಳಗಿಟ್ಟು ಕೇಳಿದರು, “ಅವತ್ತೂ ಹಿಂಗ ಬಂದಿದ್ರೇನು?”

ಗೌಡರು ಕರಿಬೇವಿನ ಎಲೆ ಕಿತ್ತು ಕಿತ್ತು ಕೆಳಗೆ ಹಾಕಿದರು.

“ನಲವತ್ತರ ಮ್ಯಾಲಿತ್ತು. ಮನೀಗೆ ಲಗೂನ ಮುಟ್ಟಬೇಕಾಗಿತ್ತು. ಬ್ಯಾರೆ ಏನೂ ಕಾರಣ ಇರಲಿಲ್ಲ.”

“ನನಗ ಹೇಳಬ್ಯಾಡ್ರಿ,” ಎಂದರು ಮೇಸ್ತ್ರಿ. “ಕಾಶವ್ವಗ ಹೇಳ್ರಿ.”

ಕಾಶವ್ವ ಎಂದರೆ ದ್ಯಾಮಣ್ಣನ ಹೆಂಡತಿ. ಗೌಡರು ನಾಳೆ ಹೋಗೋಣ ಎಂದರು. ನಾಳೆ ಎಂದದ್ದು ವಾರವಾಯಿತು. ಎಂಟನೆಯ ದಿನ ಮೇಸ್ತ್ರಿಯೇ ಹೋಗಿ ಆಕೆಯನ್ನು ಕರೆತಂದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ ಆ ಮುದುಕಿಯ ಎದುರು ಗೌಡರು ನಿಂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದರು. ಆಕೆ ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದು ನಾನು ಹೆದರಿದ್ದೆ. ಆಕೆ ಮೇಸ್ತ್ರಿಯ ಕಡೆ ತಿರುಗಿದಳು.

“ಇಪ್ಪತ್ತೆರಡ ದೀಪಾವಳಿಗೆ ಸೀರಿ ತಗೊಂಡ ಬಂದ್ರಿ ನೀವು. ಹೊಸ್ತಲದಾಗ ನಿಂದ್ರಿಸಿ ಕಳಿಸಿದೆ. ಒಂದ್ ವಾಟಿ ನೀರು ಕೊಡಲಿಲ್ಲ.”

ಮೇಸ್ತ್ರಿ ಬೇಡ ಬೇಡ ಎಂಬಂತೆ ಕೈ ಆಡಿಸಿದರು. ಆಕೆ ಎದ್ದು ಸೆರಗು ಸರಿಮಾಡಿಕೊಂಡು ಗೌಡರನ್ನು ನೋಡಿದಳು.

“ನೀವೂ ಬರಬೇಕಾಗಿತ್ರಿ. ಬಾಗಲಾ ಹಾಕ್ತಿದ್ದೆ ಖರೆ. ಆದ್ರೂ ಒಮ್ಮಿ ಬರಬೇಕಾಗಿತ್ತು.”

ಅಷ್ಟು ಹೇಳಿ, ಮೇಸ್ತ್ರಿಗೆ, “ನಡೀರಿ, ಇವತ್ತ ನಮ್ಮ ಮನಿಯಾಗ ಉಂಡ ಹೋಗೀರಂತ,” ಎಂದಳು. ಇಬ್ಬರೂ ಹೊರಟುಹೋದರು. ಗೌಡರನ್ನು ಯಾರೂ ಕರೆಯಲಿಲ್ಲ.

ಈಗ ನಾನು ಗೌಡರ ಅಟ್ಟದ ಮೇಲೆ, ಒಡೆದ ಮಿಕ್ಸರಿನ ಪಕ್ಕ ಇದ್ದೇನೆ. ಹಳಿಯ ಮೇಲೆ ಹುಲ್ಲು ಬೆಳೆದಿದೆಯಂತೆ. ಎಂಜಿನ್ನಿಗೆ ಹಳಿ ತಪ್ಪುವುದಕ್ಕಿಂತ ದೊಡ್ಡ ಮಾನಗೇಡಿಲ್ಲ ಎಂದು ಮೊದಲು ತಿಳಿದಿದ್ದೆ. ಗೌಡರ ಮೇಲೆ ನನಗಿನ್ನೂ ಪ್ರೀತಿ ಇದೆ, ಅವರು ನನ್ನನ್ನು ಹುಟ್ಟಿಸಿದವರು. ಆದರೆ ಬಿದ್ದದ್ದಕ್ಕೆ ನನಗೆ ಒಂದಿಷ್ಟೂ ನಾಚಿಕೆಯಿಲ್ಲ. ಇನ್ನಷ್ಟು ಮೊದಲೇ ಹುಟ್ಟಿ, ಇನ್ನಷ್ಟು ಮೊದಲೇ ಬೀಳಲಿಲ್ಲವಲ್ಲ ಎಂಬುದೊಂದೇ ಸಂಕಟ. ಬಿದ್ದಿದ್ದರೆ ಮೇಸ್ತ್ರಿ ಅಷ್ಟು ವರ್ಷ ಕಾಶವ್ವನ ಹೊಸ್ತಿಲಲ್ಲಿ ನಿಲ್ಲಬೇಕಾಗಿರಲಿಲ್ಲ.