ದುಬಾರಿ ಕ್ಯಾಮೆರಾದ ಮುಂದೆ

ಮದುವೆ ಫೋಟೋ ತೆಗೆಯುವ ಗಂಡ ಅಂಗಡಿಯ ಗಾಜಿನ ಮೇಜಿನ ಮೇಲೆ ಬಗ್ಗಿ ಬಹಳ ಹೊತ್ತಾಗಿತ್ತು. ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಕೂತು ಸೊಂಟ ನೀವಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಎರಡು ಕ್ಯಾಮೆರಾ. ಒಂದು, ಆತ ಮೀಸೆ ಮೂಡಿದಾಗಿನಿಂದ ಜಪ ಮಾಡುತ್ತಾ ಬಂದದ್ದು. ಹಿತ್ತಾಳೆ ಮೈ, ಹೆಸರಾಂತ ಕಂಪನಿ, ಕೈಯಿಂದಲೇ ಫೋಕಸ್ ತಿರುಗಿಸಬೇಕು. ಇನ್ನೊಂದಕ್ಕೆ ಅದರ ಕಾಲು ಭಾಗದ ಬೆಲೆ, ಪ್ಲಾಸ್ಟಿಕ್ ಮೈ. ಎದುರಿಗೆ ನಿಂತವರ ಕಣ್ಣನ್ನು ಅದು ತಾನೇ ಹುಡುಕಿ ಹಿಡಿಯುತ್ತದೆ.

ದುಡ್ಡಿನ ತಕರಾರೇನೂ ಇರಲಿಲ್ಲ. ಹಳೇ ಸ್ಟುಡಿಯೋ ಮಳಿಗೆ ಮಾರಿದ ಹಣ ಕೈಯಲ್ಲಿತ್ತು. "ಅವನ ಆಸೆ ಒಂದು ಸಲ ತೀರಿಹೋಗ್ಲಿ ಬಿಡೇ" ಎಂದು ಗಂಡನ ಅಕ್ಕನೂ ಅಪ್ಪಣೆ ಕೊಟ್ಟಾಗಿತ್ತು.

ತಕರಾರು ಕಣ್ಣಿನದು. ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ದೃಷ್ಟಿ ಪೂರ್ತಿ ಮರಳಿರಲಿಲ್ಲ. ಇನ್ನು ಕನ್ನಡಕ ಹಾಕಿದರೂ ಇಷ್ಟೇ ಎಂದು ವೈದ್ಯರು ಹೇಳಿದ್ದನ್ನು ಆತ ಆಸ್ಪತ್ರೆಯಲ್ಲೇ ಬಿಟ್ಟು ಬಂದು, ಎಂದಿನ ಹಾಗೆ ಮದುವೆ ಮನೆಗಳಿಗೆ ಹೊರಟ. ಫೋಕಸ್ ಮಾತ್ರ ಕೈಯಲ್ಲೇ ಆಗಬೇಕು. ಯಂತ್ರ ಆರಿಸಿದ ಮುಖಕ್ಕೆ ಜೀವ ಇರುವುದಿಲ್ಲವಂತೆ. ಜಂಭಕ್ಕೇನು ಕಡಿಮೆಯಿರಲಿಲ್ಲ.

ಅಲ್ಲಿಂದಾಚೆ ಆಲ್ಬಂ ಜೋಡಿಸುವ ಹೆಂಡತಿಯದು ನಾಯಿಪಾಡು. ಮದುಮಗಳ ಮುಖ ಮಬ್ಬು, ಅವಳ ಹಿಂದಿನ ಕುರ್ಚಿ ಸ್ಪಷ್ಟ. ಅಪರೂಪಕ್ಕೆ ಒಂದು ನೆಟ್ಟಗಿರುತ್ತಿತ್ತು. ಅದರ ಮುಖ ಕತ್ತರಿಸಿ ಇನ್ನೊಂದರ ಮೈಗೆ ಅಂಟಿಸಿ, ನಿದ್ದೆಗೆಟ್ಟು ಕಂಪ್ಯೂಟರಿನ ಮುಂದೆ ಕೂತು ಅವಳು ಮಾನ ಉಳಿಸುತ್ತಿದ್ದಳು. ಆಲ್ಬಂ ನೋಡಿ ಆತ "ಕೈ ಇನ್ನೂ ಹೇಗಿದೆ ನೋಡು" ಎಂದರೆ ಇವಳು ಹೂಂ ಎನ್ನುವಳು. ನಿಜ ಹೇಳಿದರೆ ಮನುಷ್ಯ ಕುಸಿದುಬಿಟ್ಟಾನು ಎಂಬ ಭಯ. ಈಗ ಆ ಹಿತ್ತಾಳೆಯದು ಮನೆಗೆ ಬಂದರೆ ಇನ್ನಿರುವಷ್ಟು ಕಾಲವೂ ಇದೇ ಗಾಣ.

"ಇದೂ ಚೆನ್ನಾಗಿದೆ ಅಲ್ವಾ ರೀ? ಹಗುರವಾಗಿದೆ" ಎಂದು ಅವಳು ಪ್ಲಾಸ್ಟಿಕ್ಕಿನದನ್ನು ಮುಂದೆ ಸರಿಸಿದಳು.

"ಎಲ್ಲಾ ಅದೇ ಮಾಡಿದ್ರೆ ನಾನ್ಯಾಕೆ ಬೇಕು? ಎಲ್ಲಿ, ಸ್ವಲ್ಪ ಈ ಕಡೆ ತಿರುಗು."

ತಿರುಗಿದಳು. ಆತ ಹಿತ್ತಾಳೆಯದನ್ನು ಕಣ್ಣಿಗಿಟ್ಟು, ಉಸಿರು ಹಿಡಿದು, ಬೆರಳಲ್ಲಿ ಹಿಂದೆ ಮುಂದೆ ತಿರುಗಿಸಿದ. ಕೆಲಸದಲ್ಲಿ ಮುಳುಗಿದ ಆ ಮುಖವನ್ನು ಮೆಚ್ಚಿಯೇ ಅವಳು ಹಿಂದೆ ಮದುವೆಗೆ ಒಪ್ಪಿದ್ದು. ಕ್ಲಿಕ್ಕೆಂದಿತು.

"ಆಹಾ! ನೋಡೇ, ಹೇಗೆ ಬಂದಿದ್ದೀಯ! ಇದಪ್ಪಾ ಕ್ಯಾಮೆರಾ ಅಂದ್ರೆ!"

ಅಂಗಡಿಯವನು ಕ್ಯಾಮೆರಾದ ಪರದೆಯ ಕಡೆ ಕತ್ತು ಚಾಚಿದ. ನೋಡಿದವನೇ ಸುಮ್ಮನೆ ಗಾಜು ಒರೆಸತೊಡಗಿದ. ಅವಳ ಮುಖ ಹಬೆಯ ಹಿಂದೆ ಇದ್ದಂತಿತ್ತು. ಬೆನ್ನ ಹಿಂದಿನ ಕಪಾಟಿನ ಡಬ್ಬದ ಸಣ್ಣಕ್ಷರಗಳನ್ನು ಮಾತ್ರ ಲೀಲಾಜಾಲವಾಗಿ ಓದಬಹುದಿತ್ತು.

"ಯಾವುದು ಪ್ಯಾಕ್ ಮಾಡ್ಲಿ, ಮೇಡಂ?" ಅಂಗಡಿಯವನು ಕೇಳಿದ್ದು ಅವಳನ್ನು.

ಹೂಂ ಎನ್ನುವುದು ಗಂಟಲ ತನಕ ಬಂತು. ಆದರೆ ಅವಳಿಗೆ ಸಾಕುಸಾಕಾಗಿತ್ತು.

"ಇದ್ರಲ್ಲಿ ನಾನು ಸರಿಯಾಗಿ ಬಂದಿಲ್ಲ ರೀ. ಹಿಂದಿರೋ ಡಬ್ಬ ಬಂದಿದೆ."

"ಏನಂದೆ?"

"ಮದುವೆಗಳದ್ದೂ ಹೀಗೇ ಬರ್ತಿತ್ತು. ಆಪರೇಷನ್ ಆದಾಗಿನಿಂದ. ನಾನೇ ತಿದ್ದಿ ತಿದ್ದಿ ಕೊಡ್ತಿದ್ದೆ."

ಆತ ಪರದೆಯನ್ನು ಮೂಗಿನ ಹತ್ತಿರ ತಂದ. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದ. ಮುಖ ಸಪ್ಪೆಯಾಯಿತು. ಆದರೂ ಅವಳು ಆಡಿದ ಮಾತನ್ನು ತಿಪ್ಪೆ ಸಾರಿಸಲಿಲ್ಲ.

"ಎಲ್ಲಾ ಮದುವೆಗಳದ್ದೂನಾ?"

"ಎಲ್ಲಾ."

"ಹಾಗಾದ್ರೆ ಜನ ಹೊಗಳಿದ್ದು?"

"ನೀವು ಜನರನ್ನ ನಿಲ್ಸಿದ ರೀತೀನ, ಹಿಡಿದ ಬೆಳಕನ್ನ. ಅದು ನಿಮ್ದೇ. ಫೋಕಸ್ ಒಂದನ್ನ ಆ ಯಂತ್ರ ನೋಡ್ಕೊಳ್ಳಲಿ."

ಆತ ಹಿತ್ತಾಳೆಯದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಅದರ ಮೇಲಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. "ಆ ಇನ್ನೊಂದು ಕೊಡಪ್ಪ" ಎಂದ, ಅವಳ ಕಡೆ ನೋಡದೆ.

ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತ. ಅರ್ಧ ದಾರಿಯಲ್ಲಿ ಅವಳ ಕಡೆ ತಿರುಗಿದ.

"ಮೊದಲೇ ಹೇಳಬಾರದಿತ್ತೇನೇ?"

ಹೇಳಬೇಕಾದದ್ದು ಬೇಕಾದಷ್ಟಿತ್ತು. ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು.

"ಮನೆಗೆ ಹೋಗಿ ಹೇಳ್ತೀನಿ ರೀ. ಈಗ ನಿದ್ದೆ ಬರ್ತಿದೆ."

"ಮಲಕ್ಕೋ. ನಮ್ಮ ಸ್ಟಾಪ್ ಬಂದಾಗ ಎಬ್ಬಿಸ್ತೀನಿ" ಎಂದ ಆತ. ಆಮೇಲೆ ತಗ್ಗಿದ ದನಿಯಲ್ಲಿ, "ಬೋರ್ಡು ಕಾಣ್ಸದಿದ್ರೆ ಯಾರನ್ನಾದ್ರೂ ಕೇಳ್ತೀನಿ" ಎಂದ.