ನಾಯಿಯ ತುತ್ತು

"ನಿನ್ನೆ ರಾತ್ರಿ ಒಂಬತ್ತರ ನಂತರ ಹೊಟ್ಟೆಗೆ ಎಂತ ಸಹ ಹೋಗ್ಲಿಲ್ಲ ಅಲ್ವಾ?" ಡಾಕ್ಟರ್ ಜಸೀಲಾ ಫಾರ್ಮಿನ ಮೇಲೆ ಪೆನ್ನು ಹಿಡಿದುಕೊಂಡೇ ಕೇಳಿದರು.

"ಒಂದು ಬಿಸ್ಕೆಟ್ ಸಹ ಇಲ್ಲ ಡಾಕ್ಟ್ರೇ. ಬೆಳಿಗ್ಗೆ ಅತ್ತೆಯನ್ನು ಬಟ್ಟೆ ಒಣಗಿಸ್ಲಿಕ್ಕೆ ಟೆರೇಸಿಗೆ ಕಳಿಸಿದ್ದೆ. ನಾನು ಸ್ನಾನಕ್ಕೆ ಹೋಗುವಾಗ ಮಾವನನ್ನು ಕಾವಲು ಕೂರಿಸಿದ್ದೆ," ಎಂದಳು ನಿರೀಕ್ಷಾ. ಅವಳ ಮಡಿಲಲ್ಲಿ ಗೋಳಿ ಎಂಬ ಪಗ್ ನಾಯಿ, ನಾಲಗೆ ಹೊರಗೆ ಹಾಕಿಕೊಂಡು, ಪಂಕ್ಚರ್ ಅಂಗಡಿಯ ಪಂಪಿನಂತೆ ಸದ್ದು ಮಾಡುತ್ತಿತ್ತು.

"ಕೊಟ್ಟಿದ್ರೂ ಬೇಸರ ಇಲ್ಲ, ಈಗ ಹೇಳಿ. ಆಪರೇಷನ್ ನಾಳೆ ಮಾಡುವ. ಈ ಚಪ್ಪಟೆ ಮುಖದ ನಾಯಿಗಳಿಗೆ ವಾಂತಿ ಬೇಗ ಬರ್ತದೆ. ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದ್ರೆ ಮತ್ತೆ ನನ್ನ ಕೈಯಲ್ಲಿ ಎಂತ ಇಲ್ಲ." ಡಾಕ್ಟರ್ ನಗುತ್ತಾ ಪಕ್ಕದ ಕುರ್ಚಿಯತ್ತ ತಿರುಗಿದರು. "ಕಾವಲುಗಾರರು ಎಂತ ಹೇಳ್ತಾರೆ?"

ಮಾವ ಪೂವಪ್ಪ ಗೋಡೆಯ ಮೇಲಿದ್ದ ನಾಯಿಜಾತಿಗಳ ಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಆಪರೇಷನ್ನಿನ ಮಾತನ್ನು ಮೊದಲು ಎತ್ತಿದವನು ಅವನೇ. ಮಗ ಜಿತೇಶ ಎರಡು ವರ್ಷದ ಹಿಂದೆ ಹೆಂಡತಿಗೆಂದು ಈ ಮರಿಯನ್ನು ತಂದಾಗ, ಅದರ ಗುಂಡಗಿನ ಕಂದು ಮೈ ಎಣ್ಣೆಯಲ್ಲಿ ಕರಿದ ಗೋಳಿಬಜೆಯಂತಿದೆಯೆಂದು ಗೋಳಿ ಎಂದು ಹೆಸರಿಟ್ಟಿದ್ದರು. ಅದು ಮಲಗಿದರೆ ಸಾಕು, ಮನೆಯವರೆಲ್ಲ ಮೊಬೈಲು ಹಿಡಿದು ಗೊರಕೆಯ ವಿಡಿಯೋ ಮಾಡಿ ನೆಂಟರ ಗುಂಪಿಗೆ ಕಳಿಸುತ್ತಿದ್ದರು. ಪಗ್ ಎಂದ ಮೇಲೆ ಗೊರಕೆ ಇದ್ದದ್ದೇ ಎಂದು ನೆಂಟರು ನಗುವ ಮುಖಗಳನ್ನು ಸುರಿಯುತ್ತಿದ್ದರು. ಮೂವತ್ತೊಂದು ವರ್ಷ ಕಾವೂರಿನಿಂದ ಸ್ಟೇಟ್‌ಬ್ಯಾಂಕ್ ಬಸ್‌ಸ್ಟಾಂಡಿಗೆ ಸಿಟಿ ಬಸ್ಸು ಓಡಿಸಿದ ಪೂವಪ್ಪನಿಗೆ ಮಾತ್ರ ನಗು ಬರಲಿಲ್ಲ. "ಅದು ನಿದ್ರೆಯ ಸದ್ದಲ್ಲ ಮಾರಾಯ್ರೆ. ಇಂಜಿನ್‌ಗೆ ಗಾಳಿ ಸಾಕಾಗುವುದಿಲ್ಲ," ಎಂದಿದ್ದ. ಡಾಕ್ಟರ್ ಜಸೀಲಾ ನೋಡಿ ಹೇಳಿದ್ದೂ ಅದನ್ನೇ: ಮೂಗಿನ ಹೊಳ್ಳೆಗಳು ಅಂಗಿ ಗುಂಡಿಯ ತೂತಿನಷ್ಟೇ ಇವೆ, ಗಂಟಲಲ್ಲಿ ಅಂಗುಳು ಉದ್ದವಾಗಿ ಜೋತುಬಿದ್ದು ಉಸಿರಿಗೆ ಅಡ್ಡ ಬರುತ್ತಿದೆ, ಬೇಸಿಗೆಯ ಸೆಖೆ ಏರುವ ಮೊದಲು ಸರಿ ಮಾಡಿಸಬೇಕು, ಅದಕ್ಕಿಂತ ಮೊದಲು ತೂಕ ಇಳಿಸಬೇಕು. ಅಂದಿನಿಂದ ಕೇರಿಯಲ್ಲಿ ಪೂವಪ್ಪ ಅರ್ಧ ಡಾಕ್ಟರಾದ. ಬೆಲ್ಟನ್ನು ಕುತ್ತಿಗೆಗೆ ಕಟ್ಟಬಾರದು, ಎದೆಗೆ ಕಟ್ಟಬೇಕು, ಮುಖದ ಮಡಿಕೆಗಳನ್ನು ದಿನಾ ಒರೆಸಿ ಒಣಗಿಸಬೇಕು ಎಂದು ದಾರಿಯಲ್ಲಿ ಹೋಗುವ ನಾಯಿ ಸಾಕಿದವರನ್ನೆಲ್ಲ ನಿಲ್ಲಿಸಿ ಪಾಠ ಮಾಡಿದ.

ಆದರೆ ತೂಕ ಇಳಿಯಲಿಲ್ಲ. ಒಂದು ತಿಂಗಳ ಪಥ್ಯದ ನಂತರ ತಕ್ಕಡಿಯಲ್ಲಿ ನಿಲ್ಲಿಸಿದರೆ ಆರುನೂರು ಗ್ರಾಂ ಹೆಚ್ಚೇ ಬಂತು. "ಯಾರು ಕೊಡ್ತಾ ಇದ್ದೀರಿ?" ಎಂದು ಡಾಕ್ಟರ್ ಕೇಳಿದಾಗ ಪೂವಪ್ಪ ನಕ್ಕು, "ನಮ್ಮ ಮನೆ ಹೆಂಗಸಿನ ಕೈ ಸ್ವಲ್ಪ ಉದಾರ," ಎಂದುಬಿಟ್ಟಿದ್ದ. ಅಂದಿನಿಂದ ನಿರೀಕ್ಷಾ ತನ್ನ ಅತ್ತೆ ಬಾಗಿಯನ್ನು ನಾಯಿಯ ಹತ್ತಿರ ಬಿಡಲಿಲ್ಲ. ಇನ್ನೊಂದು ತಿಂಗಳಿಗೆ ಮುನ್ನೂರು ಗ್ರಾಂ ಇಳಿಯಿತು, ಸೆಖೆ ಹತ್ತಿರ ಬಂದದ್ದರಿಂದ ಡಾಕ್ಟರ್ ಅಷ್ಟಕ್ಕೇ ಆಪರೇಷನ್ನಿಗೆ ಒಪ್ಪಿದರು. ಬಾಗಿಯ ಮೇಲಿನ ಆರೋಪಕ್ಕೆ ಇಳಿದ ತೂಕವೇ ಸಾಕ್ಷಿಯಾಯಿತು. ಹೆದರಿದ ಪೂವಪ್ಪ ಆ ತಿಂಗಳು ತಾನು ದಿನಾ ಕೊಡುವ ತುತ್ತನ್ನು ಅರ್ಧಕ್ಕಿಳಿಸಿದ್ದ ಎಂಬುದು ಅವನಿಗೂ ಗೋಳಿಗೂ ಮಾತ್ರ ಗೊತ್ತು.

ತುತ್ತು ಅವನ ತಾಯಿ ಕಲಿಸಿದ್ದು. ಬಾಯಿಲ್ಲದ ಜೀವ ನೋಡುತ್ತಿರುವಾಗ ಬಟ್ಟಲು ಬರಿದು ಮಾಡಿ ಏಳಬಾರದು, ಕೊನೆಯ ತುತ್ತು ನಾಯಿಯದು. ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಸಹ ಹೋಟೆಲಿನ ಎಲೆಯಿಂದ ಒಂದು ಹಿಡಿ ತಂದು ಬಸ್‌ಸ್ಟಾಂಡಿನ ನಾಯಿಗಳಿಗೆ ಹಾಕಿದವನು. ಈ ಬೆಳಿಗ್ಗೆ ಚಾವಡಿಯಲ್ಲಿ ಕುಳಿತು ಕುಚ್ಚಲಕ್ಕಿ ಗಂಜಿ ಉಣ್ಣುತ್ತಾ ಕಾವಲು ಕಾಯುತ್ತಿದ್ದ. ಮಾಡಬಾರದೆಂದು ಗೊತ್ತಿತ್ತು. ಆದರೂ ಬಟ್ಟಲಿನ ತಳ ಕಾಣುವಾಗ, ಬಸ್ಸಿನ ಗೇರು ಹಾಕುವ ಕೈಯಂತೆ, ಕೈ ತಾನಾಗಿ ಕೆಳಗೆ ಹೋಯಿತು. ಗೋಳಿ ಅಗಿಯದೆ ನುಂಗಿತು. ಎಚ್ಚರವಾಗುವಷ್ಟರಲ್ಲಿ ಅದು ಬೆರಳು ನೆಕ್ಕುತ್ತಿತ್ತು.

ಒಂದು ತುತ್ತು. ನಾಳೆ ಮಾಡಿದರೂ ಆಗುತ್ತದೆ ಎಂದು ಡಾಕ್ಟರ್ ಈಗ ತಾವಾಗಿಯೇ ಹೇಳಿದ್ದಾರೆ. ಬಾಯಿ ಬಿಟ್ಟರೆ ಸಾಕು. ಆದರೆ ಬಿಟ್ಟರೆ ತಕ್ಕಡಿಯ ಮಾತೂ ಬರುತ್ತದೆ, ಒಂದು ತಿಂಗಳು ಕಳ್ಳಿಯಂತೆ ಓಡಾಡಿದ ಬಾಗಿಯ ಮಾತೂ ಬರುತ್ತದೆ. ರಜೆ ಹಾಕಿ ಕುಳಿತ ಸೊಸೆ ನೋಡುತ್ತಿದ್ದಾಳೆ.

"ಎಂತ ಇಲ್ಲ," ಎಂದ ಪೂವಪ್ಪ. "ನಾನು ಕೂತಲ್ಲಿಂದ ಎದ್ದದ್ದೇ ಇಲ್ಲ."

ಡಾಕ್ಟರ್ ಫಾರ್ಮಿನಲ್ಲಿ ಗುರುತು ಹಾಕಿದರು.

ಒಂದೂವರೆ ಗಂಟೆ ಕಳೆದ ಮೇಲೆ ಡಾಕ್ಟರ್ ಹೊರಬಂದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಎಚ್ಚರವಾಗುವ ಹೊತ್ತಿಗೆ, ಗಂಟಲಿನ ಪೈಪು ತೆಗೆದ ಕೂಡಲೇ ವಾಂತಿಯಾಗಿ, ಸ್ವಲ್ಪ ಶ್ವಾಸಕೋಶಕ್ಕೂ ಇಳಿದಿತ್ತು. ಅವರ ಕೈಯಲ್ಲಿದ್ದ ಬಿಳಿ ಬಟ್ಟೆಯ ಚೂರಿನ ಮೇಲೆ ನಾಲ್ಕೈದು ಅಗುಳು. ಕೆಂಪು ಕುಚ್ಚಲಕ್ಕಿಯವು, ಇಡಿಯಾಗಿದ್ದವು.

"ಆಕ್ಸಿಜನ್ ಇಟ್ಟಿದ್ದೇನೆ. ನೋಡುವ," ಎಂದರು. ಪೂವಪ್ಪನ ಮುಖವನ್ನು ಒಂದು ಕ್ಷಣ ಹೆಚ್ಚಿಗೆ ನೋಡಿದರು, ಅಷ್ಟೇ.

"ಅತ್ತೆ," ಎಂದಳು ನಿರೀಕ್ಷಾ, ಅಗುಳುಗಳನ್ನೇ ನೋಡುತ್ತಾ. "ಐದು ಗಂಟೆಗೇ ಏಳ್ತಾರೆ. ನಾನು ಏಳುವ ಮೊದಲೇ ಕೊಟ್ಟಿದ್ದಾರೆ."

ಪೂವಪ್ಪ ಮತ್ತೆ ನಾಯಿಜಾತಿಗಳ ಪಟದತ್ತ ತಿರುಗಿದ.

ಮೂರನೆಯ ಬೆಳಿಗ್ಗೆ ಗೋಳಿ ಸತ್ತಿತು. ಜಿತೇಶ ಹಿತ್ತಲಲ್ಲಿ ಗುಂಡಿ ತೋಡಿದ. ಬಾಗಿ ಹತ್ತಿರ ಬಂದಾಗ ನಿರೀಕ್ಷಾ, "ನೀವು ಮಾಡಿದ್ದು ಸಾಕು," ಎಂದಳು. "ನಾನು ಅವತ್ತು ಗಂಜಿ ಬೇಯಿಸಿ ಟೆರೇಸಿಗೆ ಹೋದವಳು..." ಎಂದು ಶುರು ಮಾಡಿದ ಬಾಗಿ ಗಂಡನತ್ತ ನೋಡಿ ನಿಲ್ಲಿಸಿದಳು. ನಲವತ್ತೆರಡು ವರ್ಷ ಬಡಿಸಿದವಳಿಗೆ ಆ ಬಟ್ಟಲಿನ ಕೊನೆಯ ತುತ್ತು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದಿತ್ಯವಾರ ಪಕ್ಕದ ಮನೆಯ ಕೆಲ್ವಿನ್ ಮಾತಾಡಿಸಿಕೊಂಡು ಹೋಗಲು ಬಂದ.

"ಕಾಯಿಲೆ ಕಂಡುಹಿಡಿದದ್ದೇ ನೀವಲ್ಲವಾ ಪೂವಪ್ಪಣ್ಣ? ಛೆ, ಇಷ್ಟೆಲ್ಲ ಮಾಡಿ ಸಹ..."

"ಎಂತ ಮಾಡುವುದು ಮಾರಾಯ." ಪೂವಪ್ಪ ದನಿ ತಗ್ಗಿಸಿದ. "ನಮ್ಮ ಇವಳದ್ದು ಕರುಳು ಮೆತ್ತಗೆ. ಹಸಿದ ಪ್ರಾಣಿ ಕಂಡ್ರೆ ತಡೆಯುವುದಿಲ್ಲ. ತಪ್ಪು ಅಂತ ಹೇಳಲಿಕ್ಕೆ ಸಹ ಮನಸ್ಸು ಬರುವುದಿಲ್ಲ. ಅವತ್ತು ಕತ್ತಲಲ್ಲಿ ಎದ್ದು..."

ಬಾಗಿ ಎರಡು ಲೋಟ ಚಹಾ ತಂದು ಸ್ಟೂಲಿನ ಮೇಲಿಟ್ಟಳು. ಪೂವಪ್ಪ ಮಾತು ನಿಲ್ಲಿಸಿ ಅವಳು ಒಳಗೆ ಹೋಗಲೆಂದು ಕಾದ. ಗಂಡಸರು ಕುಳಿತಲ್ಲಿ ಅವಳು ನಿಂತದ್ದೇ ಇಲ್ಲ. ಇವತ್ತು ಮೂಲೆಯ ಪ್ಲಾಸ್ಟಿಕ್ ಕುರ್ಚಿ ಎಳೆದು, ಗಂಡನಿಗೆ ಎದುರಾಗಿ ಕುಳಿತಳು.

"ನಿಲ್ಲಿಸಿದ್ದು ಎಂತಕ್ಕೆ?" ಎಂದಳು. "ಹೇಳಿ. ಕತ್ತಲಲ್ಲಿ ಎದ್ದು ನಾನು ಎಂತ ಮಾಡಿದೆ?"

ಒಳಗೆ ನಿರೀಕ್ಷಾ ಪಾತ್ರೆ ತೊಳೆಯುತ್ತಿದ್ದ ನಲ್ಲಿಯ ಸದ್ದು ನಿಂತಿತು. ಕೆಲ್ವಿನ್ ಒಮ್ಮೆ ಬಾಗಿಯನ್ನೂ ಒಮ್ಮೆ ಪೂವಪ್ಪನನ್ನೂ ನೋಡಿ, ಚಪ್ಪಲಿ ಎಲ್ಲಿದೆಯೆಂದು ಕಾಲಿನಲ್ಲಿ ಹುಡುಕತೊಡಗಿದ.

ಪೂವಪ್ಪ ಲೋಟ ಎತ್ತಿಕೊಂಡ. ಹಬೆಯಾಡುತ್ತಿದ್ದ ಚಹಾವನ್ನು ನಡುವೆ ಎಲ್ಲಿಯೂ ನಿಲ್ಲಿಸದೆ ಕುಡಿದ. ಕಣ್ಣಲ್ಲಿ ನೀರು ಬಂತು. ಖಾಲಿಯಾದ ಮೇಲೂ ಲೋಟವನ್ನು ತುಟಿಯಿಂದ ಇಳಿಸಲಿಲ್ಲ.