ಸಂಬಳ ಸಹಿತ ಜ್ವರ

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಚುವುದು ಇಬ್ಬರ ಕೆಲಸ. ಒಂದು ತುದಿ ನನ್ನದು, ಇನ್ನೊಂದು ನನ್ನ ವಾರಗಿತ್ತಿಯದು. ಮನೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕವಳು ಎನ್ನುತ್ತೇವೆ. ಚಾದರ ಒಂದೇ, ಬೆವರು ಒಂದೇ. ಆದರೆ ನಾನು ಕಾಯಂ, ಅವಳು ಟೆಂಪರರಿ. ನನ್ನ ಸಂಬಳದ ಅರ್ಧ ಅವಳ ಕೈಗೆ ಬಂದರೆ ಹೆಚ್ಚು. ಯಾಕೆ ಹೀಗೆ ಎಂದು ಸೂಪರ್‌ವೈಸರನ್ನು ಕೇಳಿದರೆ "ರೂಲ್ಸು ಕಣಮ್ಮಾ" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ, ನನ್ನ ಗೊಂದಲ ಮುಗಿಯುವುದಿಲ್ಲ.

ಚಿಕ್ಕವಳೂ ಮೈದುನನೂ ಮದುವೆಯಾದಾಗಿನಿಂದ ನಡುಮನೆಯಲ್ಲೇ ಮಲಗುತ್ತಾರೆ. ನೀರು ಕುಡಿಯಲು ಎದ್ದವರೆಲ್ಲ ಅವರನ್ನು ದಾಟಿಕೊಂಡೇ ಹೋಗಬೇಕು. ಪಾಪ, ಹೊಸ ಜೋಡಿ. ಕೊನೆಗೂ ಹಿಂದಿನ ಬೀದಿಯಲ್ಲಿ ಒಂದು ರೂಮು ಸಿಕ್ಕಿತ್ತು. ಈ ವಾರದ ಕೂಲಿ ಸೇರಿದರೆ ಅಡ್ವಾನ್ಸು ಸರಿಹೋಗುತ್ತಿತ್ತು. ಶನಿವಾರದವರೆಗೆ ಮಾತ್ರ ಕಾಯುತ್ತೇನೆ ಎಂದು ರೂಮಿನ ಓನರ್ ಖಡಾಖಂಡಿತವಾಗಿ ಹೇಳಿದ್ದ.

ಗುರುವಾರ ನನಗೆ ಜ್ವರ ಬಂತು. ಕಾಯಂ ಆದಮೇಲೆ ಮೊದಲ ಸಲ ರಜೆ ಹಾಕಿದೆ, ಶನಿವಾರದವರೆಗೆ. ಹೊದ್ದು ಮಲಗಿದರೂ ಸಂಬಳ ಬರುತ್ತದೆಂದರೆ ಒಂಥರಾ ಖುಷಿ, ಒಂಥರಾ ಕದ್ದು ತಿಂದ ಹಾಗೆ. ಕಣ್ಣು ಹತ್ತುವಷ್ಟರಲ್ಲಿ ಚಿಕ್ಕವಳು ವಾಪಸು ಬಂದಳು. ಡಬ್ಬಿಯ ಊಟ ಹಾಗೆಯೇ ಇತ್ತು.

"ಯಾಕೇ, ಇಷ್ಟು ಬೇಗ?"

"ಉಳಿದವರಿಗೆಲ್ಲ ಅವರವರ ಜೋಡಿ ಇದೆ. ಒಬ್ಬಳೇ ಹೇಗೆ ಮಡಚ್ತೀಯಾ, ನಿಮ್ಮಕ್ಕ ಬರೋವರೆಗೂ ಬರಬೇಡ ಅಂದ್ರು."

"ಕೂಲಿ?"

"ಕೆಲಸ ಇದ್ರೆ ತಾನೇ ಅಕ್ಕ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತೂ ನಾನೇ, ಬರೆ ಎಳೆದವಳೂ ನಾನೇ ಇರಬಹುದೇ?

"ನನ್ನ ರಜೆ ಸಂಬಳದಲ್ಲಿ ಅರ್ಧ ನೀನು ತಗೋ" ಎಂದೆ.

"ಅದು ಬರೋದು ತಿಂಗಳ ಕೊನೆಗೆ ಅಲ್ವಾ" ಎಂದು ನಕ್ಕಳು. ಮನೆಯ ಡಬ್ಬಗಳಲ್ಲೂ ಆಗ ಬಿಡಿಗಾಸಿರಲಿಲ್ಲ.

ಮರುದಿನ ಮಾತ್ರೆ ನುಂಗಿ, ಅವಳನ್ನು ಕರೆದುಕೊಂಡು ಲಾಂಡ್ರಿಗೆ ಹೋದೆ. ಚಾದರದ ತುದಿ ಹಿಡಿಯುವಷ್ಟರಲ್ಲಿ ಸೂಪರ್‌ವೈಸರ್ ಬಂದರು.

"ನೀವು ರಜೆಯಲ್ಲಿದ್ದೀರಲ್ಲಮ್ಮಾ. ರಜೆಯಲ್ಲಿರೋರು ಕೆಲಸ ಮುಟ್ಟೋ ಹಾಗಿಲ್ಲ."

"ರಜೆ ಬೇಡ ಸಾರ್, ವಾಪಸ್ ತಗೊಳ್ಳಿ."

"ಮಂಜೂರಾದ ಮೇಲೆ ವಾಪಸ್ ತಗೊಳ್ಳೋಕೆ ನಾನ್ಯಾರು? ಸೋಮವಾರ ಬನ್ನಿ. ಸಂಬಳ ಬರುತ್ತಲ್ಲ, ನಿಮಗೇನು ನಷ್ಟ?"

"ಇವಳ ರಜೆ?"

ಚಿಕ್ಕವಳು ಅಲ್ಲಿರುವುದು ಆಗಷ್ಟೇ ಕಂಡಂತೆ ನೋಡಿದರು. "ಇವರು ರಜೆಯಲ್ಲಿಲ್ಲ. ಇವರಿಗೆ ಕೆಲಸ ಇಲ್ಲ, ಅಷ್ಟೇ."

ಬಂದ ದಾರಿಗೆ ಸುಂಕವಿಲ್ಲವೆಂದು ಇಬ್ಬರೂ ಹಿಂದಿರುಗಿದೆವು. ನನಗೆ ನಡೆಯಲಾಗದೆ ಅವಳ ಭುಜ ಹಿಡಿದುಕೊಂಡಿದ್ದೆ. ದಾರಿಯುದ್ದಕ್ಕೂ ನನಗೆ ಸಂಬಳ ಬರುತ್ತಲೇ ಇತ್ತು. ಅವಳ ಮುಖ ನೋಡಲು ನಾಚಿಕೆ; ತಪ್ಪು ಯಾರದೆಂದು ಹುಡುಕಿದರೆ ಯಾರ ಹೆಸರೂ ಹೊಳೆಯಲೊಲ್ಲದು.

ಮನೆಗೆ ಬಂದ ಕೂಡಲೇ ಚಿಕ್ಕವಳು ರೂಮಿನ ಓನರ್‌ಗೆ ಫೋನು ಮಾಡಿದಳು. "ಬೇರೆಯವರಿಗೆ ಕೊಟ್ಟುಬಿಡಿ" ಎಂದಷ್ಟೇ ಹೇಳಿದಳು. ನನಗೆ ಅಳು ಬಂತು. ಅವಳಿಗೆ ಕಾಣಬಾರದೆಂದು ಒಲೆ ಹಚ್ಚಲು ಹೋದೆ. ಹಿಂದೆಯೇ ಬಂದು ನನ್ನ ಕೈಯಿಂದ ಲೈಟರ್ ತೆಗೆದುಕೊಂಡಳು.

"ನೀವು ಮಲಗಿ ಅಕ್ಕ, ರಜೆಯಲ್ಲಿದ್ದೀರಿ. ನಾನು ಖಾಲಿನೇ ಅಲ್ವಾ, ಅಡುಗೆ ಮಾಡ್ತೀನಿ."

ಹೋಗಿ ಮಲಗಬೇಕೋ ನಿಲ್ಲಬೇಕೋ ತಿಳಿಯದೆ ಅಲ್ಲೇ ನಿಂತಿದ್ದೆ.